ಫ್ಲ್ಯಾಟಿನಲ್ಲಿ ಮರಗೆಲಸ: ಬಡಿಯದೆ, ಧೂಳೆಬ್ಬಿಸದೆ

ಫ್ಲ್ಯಾಟಿನಲ್ಲಿ ಮರಗೆಲಸ ಎಂದಕೂಡಲೇ ಜಾಗ ಸಾಲುವುದಿಲ್ಲ ಎಂಬ ಮಾತು ಬರುತ್ತದೆ. ಒಂದು ಮೀಟರ್ ಉದ್ದದ ಬೆಂಚು, ಅದರ ಮುಂದೆ ನಿಂತು ಕೈಯಾಡಿಸಲು ಒಂದು ಮೀಟರ್ ನೆಲ ಇದ್ದರೆ ಡಬ್ಬಿ, ಸ್ಟೂಲು, ಫೋಟೊ ಚೌಕಟ್ಟು, ಸಣ್ಣ ಗೋಡೆಗೂಡು ಎಲ್ಲವೂ ಆಗುತ್ತವೆ. ಹವ್ಯಾಸ ನಿಂತುಹೋಗುವುದು ಬೇರೆ ಎರಡು ಕಾರಣಕ್ಕೆ: ಕೆಳಗಿನ ಮನೆಗೆ ಇಳಿಯುವ ಪೆಟ್ಟಿನ ಸದ್ದು, ಸ್ವಂತ ಮನೆಯಲ್ಲಿ ಕೂರುವ ಧೂಳು. ಆದ್ದರಿಂದ ಉಪಕರಣದ ಪಟ್ಟಿ ಮಾಡುವ ಮೊದಲು ಕೆಲಸದ ಕ್ರಮವನ್ನೇ ಬದಲಿಸಿಕೊಳ್ಳಬೇಕು. ಬಡಿಯುವ ಕಡೆ ಕೊಯ್ಯುವುದು, ಉಜ್ಜುವ ಕಡೆ ಹತ್ತರಿ (ಮರ ಸವರುವ ರಂದ) ಹೊಡೆಯುವುದು. ಮುಂದೆ ಬರುವ ಆಯ್ಕೆಗಳೆಲ್ಲ ಇದರ ಮೇಲೇ ನಿಂತಿವೆ.

ಸದ್ದು ಇಳಿಯುವ ದಾರಿ

ಗರಗಸದ ಸದ್ದು ಗಾಳಿಯಲ್ಲಿ ಹರಡುತ್ತದೆ. ಬಾಗಿಲು, ಕಿಟಕಿ ಮುಚ್ಚಿದರೆ ಬಹುಪಾಲು ಒಳಗೇ ಉಳಿಯುತ್ತದೆ. ಕೊಡತಿಯ ಪೆಟ್ಟು ಹಾಗಲ್ಲ. ಉಳಿಯಿಂದ ಮರಕ್ಕೆ, ಮರದಿಂದ ಬೆಂಚಿನ ಕಾಲಿಗೆ, ಕಾಲಿನಿಂದ ಕಾಂಕ್ರೀಟ್ ಚಾವಣಿಗೆ ಇಳಿದು, ಕೆಳಗಿನ ಮನೆಯವರ ತಲೆಯ ಮೇಲೆ ಡೊಗ್ ಡೊಗ್ ಎಂದು ಕೇಳುತ್ತದೆ. ಮೇಲೆ ನಿಂತವರಿಗೆ ಅದು ದೊಡ್ಡ ಸದ್ದೇ ಅಲ್ಲ ಅನ್ನಿಸುವುದರಿಂದ ಜಗಳ ಶುರುವಾಗುವವರೆಗೂ ಗೊತ್ತಾಗುವುದಿಲ್ಲ. ಒಮ್ಮೆ ಯಾರನ್ನಾದರೂ ಬೆಂಚಿನ ಮೇಲೆ ಬಡಿಯಲು ಹೇಳಿ, ಕೆಳಗಿನವರ ಒಪ್ಪಿಗೆ ಪಡೆದು ಅವರ ಮನೆಯಲ್ಲೇ ನಿಂತು ಕೇಳಿಸಿಕೊಳ್ಳುವುದು ಒಳ್ಳೆಯದು.

ಬೆಂಚನ್ನು ಕೋಣೆಯ ನಡುವೆ ಇಡಬೇಡಿ. ಚಾವಣಿ ನಡುಭಾಗದಲ್ಲಿ ಹೆಚ್ಚು ಅದುರುತ್ತದೆ. ಗೋಡೆ, ಕಂಬ, ತೊಲೆಯ ಹತ್ತಿರ ಗಟ್ಟಿಯಾಗಿರುತ್ತದೆ. ಕಂಬವಿರುವ ಮೂಲೆ ಸಿಕ್ಕರೆ ಅದೇ ಜಾಗ. ಪ್ರತಿ ಕಾಲಿನ ಕೆಳಗೂ 10ರಿಂದ 15 ಮಿ.ಮೀ. ದಪ್ಪದ ರಬ್ಬರ್ ತುಂಡು ಇಡಿ. ಜಿಮ್ಮಿನ ನೆಲಕ್ಕೆ ಹಾಸುವ ಗಟ್ಟಿ ರಬ್ಬರ್ ಆಗುತ್ತದೆ. ಯೋಗದ ಚಾಪೆಯಂಥ ಮೆತ್ತನೆಯ ಫೋಮ್ ಹಾಕಿದರೆ ಹತ್ತರಿ ಹೊಡೆಯುವಾಗ ಬೆಂಚು ತೂಗಾಡುತ್ತದೆ, ಕೆಲಸ ಕೆಡುತ್ತದೆ. ಬಡಿಯಲೇಬೇಕಾದ ಸಣ್ಣಪುಟ್ಟ ಪೆಟ್ಟನ್ನು ಕಾಲಿನ ನೇರ ಮೇಲೆ ಹೊಡೆಯಿರಿ. ಹಲಗೆಯ ನಡುವೆ ಹೊಡೆದರೆ ಹಲಗೆ ತಮಟೆಯಾಗುತ್ತದೆ, ಪೆಟ್ಟಿನ ಬಲ ಒಂದಷ್ಟು ಅದುರುವುದರಲ್ಲೇ ಹೋಗುತ್ತದೆ.

ವಿದ್ಯುತ್ ಯಂತ್ರಗಳ ಲೆಕ್ಕ ಸರಳ. ರೌಟರ್ (ಮರದಲ್ಲಿ ಕಾಲುವೆ ಕೊರೆಯುವ ಯಂತ್ರ), ಸರ್ಕ್ಯುಲರ್ ಗರಗಸ ಎರಡೂ ಕಿವಿಯ ಬಳಿ 90 ಡೆಸಿಬೆಲ್ ದಾಟುತ್ತವೆ. ದಿನಕ್ಕೆ 8 ತಾಸು ಕೇಳಿಸಿಕೊಳ್ಳುವವರ ಕಿವಿಗೆ 85 ಡೆಸಿಬೆಲ್ ಮಿತಿ ಎಂಬುದು ಹಲವೆಡೆ ಬಳಕೆಯಲ್ಲಿರುವ ಅಳತೆ. ಇವು ಫ್ಲ್ಯಾಟಿಗೆ ಬೇಡ. 12 ವೋಲ್ಟಿನ ಬ್ಯಾಟರಿ ಡ್ರಿಲ್ ಒಂದಕ್ಕೆ ಯಾರ ತಕರಾರೂ ಇರುವುದಿಲ್ಲ.

ಧೂಳು

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅದು ಮುಖ್ಯವಾಗಿ ವರ್ಷಗಟ್ಟಲೆ ಕಾರ್ಖಾನೆಯಲ್ಲಿ ದುಡಿದವರನ್ನು ನೋಡಿ ಮಾಡಿದ ತೀರ್ಮಾನ. ಆದರೆ ನಾವು ಕೆಲಸ ಮಾಡುವ ಕೋಣೆಯಲ್ಲೇ ಮಲಗುತ್ತೇವೆ ಎಂಬುದನ್ನು ಮರೆಯಬಾರದು. ಹತ್ತರಿಯಿಂದ ಬರುವುದು ಸಿಪ್ಪೆ; ಬಿದ್ದಲ್ಲೇ ಬಿದ್ದಿರುತ್ತದೆ, ಕೈಯಲ್ಲಿ ಬಾಚಿ ಚೀಲಕ್ಕೆ ತುಂಬಬಹುದು. ಗರಗಸದ ಹೊಟ್ಟು ಭಾರ, ಬೇಗ ಕೆಳಗೆ ಕೂರುತ್ತದೆ. ಉಪ್ಪುಕಾಗದದ ಧೂಳು ಮಾತ್ರ ತಾಸುಗಟ್ಟಲೆ ಗಾಳಿಯಲ್ಲಿ ತೇಲುತ್ತದೆ, ಮತ್ತು ಶ್ವಾಸಕೋಶದ ಆಳಕ್ಕೆ ಇಳಿಯುವುದೂ ಆ ನಯವಾದ ಧೂಳೇ.

ಹಾಗಾಗಿ ಮರವನ್ನು ಹತ್ತರಿಯಿಂದಲೇ ನುಣುಪು ಮಾಡಿ. ಹತ್ತರಿಗೆ ಬಗ್ಗದ ತಿರುಚಿದ ಎಳೆ (ಮರದ ನಾರಿನ ಸಾಲು) ಇದ್ದರೆ ಸ್ಕ್ರೇಪರ್ ತಗಡಿನಿಂದ ಕೆರೆಯಿರಿ, ಕೊನೆಗೆ 240ರ ಉಪ್ಪುಕಾಗದವನ್ನು ಕೈಯಲ್ಲೇ ಎರಡು ಸಲ ಎಳೆದು ಬಿಡಿ. ಉಜ್ಜುವಾಗ ಎನ್95 ಅಥವಾ ಅದಕ್ಕೆ ಸಮನಾದ ಮುಖಗವಸು ಹಾಕಿಕೊಳ್ಳಿ. ಬಟ್ಟೆಯ ಮಾಸ್ಕು ಈ ಧೂಳನ್ನು ತಡೆಯುವುದಿಲ್ಲ. ಪೊರಕೆ ಹಿಡಿದರೆ ಕೂತ ಧೂಳು ಮತ್ತೆ ಎದ್ದೇಳುತ್ತದೆ. ನಯವಾದ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮ್, ಅದಿಲ್ಲದಿದ್ದರೆ ಒದ್ದೆ ಬಟ್ಟೆ. ಕೆಲಸದ ಹೊತ್ತಿನಲ್ಲಿ ಎಸಿ ಬಂದ್. ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಎಂಡಿಎಫ್ ಹಲಗೆಯನ್ನು ಮನೆಯಲ್ಲಿ ಕೊಯ್ಯಲೇಬೇಡಿ. ಅದರ ಧೂಳು ಹಿಟ್ಟಿಗಿಂತ ನಯ, ಮೇಲಾಗಿ ಸಾಮಾನ್ಯವಾಗಿ ಅದರಲ್ಲಿ ಫಾರ್ಮಾಲ್ಡಿಹೈಡ್ ಇರುವ ರಾಳ ಬೆರೆತಿರುತ್ತದೆ.

ಬಾಲ್ಕನಿ ಎಲ್ಲದಕ್ಕೂ ಉತ್ತರ ಎಂದುಕೊಳ್ಳುವವರೂ ಇದ್ದಾರೆ. ಗಾಳಿ ಸಿಗುವುದೇನೋ ನಿಜ, ಆದರೆ ಹೊಟ್ಟು ಹಾರಿ ಕೆಳಗಿನವರ ಒಗೆದ ಬಟ್ಟೆಯ ಮೇಲೆ ಕೂರುತ್ತದೆ, ಬಿಸಿಲಿಗೆ ಹಲಗೆ ಬಾಗುತ್ತದೆ, ಮಳೆಗಾಲದ ಗಾಳಿಗೆ ಅಲಗು ತುಕ್ಕು ಹಿಡಿಯುತ್ತದೆ. ಕೊಯ್ಯಲು ಬಾಲ್ಕನಿ ಬಳಸಿ, ಮರವನ್ನೂ ಉಪಕರಣವನ್ನೂ ಒಳಗೆ ಇಡಿ.

ಬೆಂಚು

ಊಟದ ಮೇಜು ಬೆಂಚಾಗುವುದಿಲ್ಲ. ಹತ್ತರಿಯನ್ನು ತಳ್ಳಿದ ಬಲಕ್ಕೆ ಅದು ಜಾರುತ್ತದೆ, ಅದರ ಕೀಲುಗಳು ಸಡಿಲಾಗುತ್ತವೆ. 18 ಮಿ.ಮೀ. ಪ್ಲೈವುಡ್ಡಿನ ಎರಡು ಪದರ ಅಂಟಿಸಿ 36 ಮಿ.ಮೀ. ದಪ್ಪದ, 1100 × 400 ಮಿ.ಮೀ. ಅಳತೆಯ ಹಲಗೆ ಮಾಡಿಕೊಂಡರೆ ಆರಂಭಕ್ಕೆ ಸಾಕು. ಅಂಟು ಒಣಗುವವರೆಗೆ ಒಳಮುಖವಾಗಿ 30 ಮಿ.ಮೀ. ಸ್ಕ್ರೂಗಳನ್ನು 150 ಮಿ.ಮೀ.ಗೊಂದರಂತೆ ಹಾಕಿ ಬಿಗಿದು, ಆಮೇಲೆ ತೆಗೆದುಬಿಡಿ. ಒಳಗೇ ಬಿಟ್ಟರೆ ಮುಂದೆಂದಾದರೂ ಬೆಂಚಿನಲ್ಲಿ ತೂತು ಕೊರೆಯುವಾಗ ಡ್ರಿಲ್ ಅಲ್ಲೇ ಹೋಗಿ ಕೂರುತ್ತದೆ.

ಎತ್ತರ ನಿಮ್ಮ ಮೈಕಟ್ಟಿಗೆ ತಕ್ಕಂತಿರಲಿ. ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಬರುವ ಮಟ್ಟಕ್ಕೆ ಬೆಂಚಿನ ಮೇಲ್ಮೈ ಬರಬೇಕು. ಬಹಳಷ್ಟು ಜನಕ್ಕೆ ಅದು 80ರಿಂದ 86 ಸೆಂ.ಮೀ. ಇನ್ನೂ ಎತ್ತರವಾದರೆ ಹತ್ತರಿಗೆ ಮೈಭಾರ ಬೀಳದೆ ಭುಜ ನೋಯುತ್ತದೆ. ಗರಗಸ ಹಿಡಿದು ಬಗ್ಗಿ ನೋಡುವ ನಾಜೂಕು ಕೆಲಸಕ್ಕೆ ಇದೇ ಎತ್ತರ ಕಡಿಮೆ ಎನಿಸುತ್ತದೆ. ಅದಕ್ಕೆ ಬೆಂಚಿನ ಮೇಲೆ ಕೂರಿಸುವ ಎತ್ತರದ ವೈಸ್ (ಮರವನ್ನು ಕಚ್ಚಿ ಹಿಡಿಯುವ ಸಾಧನ) ಮಾಡಿಕೊಳ್ಳಬಹುದು: 450 ಮಿ.ಮೀ. ಉದ್ದ, 150 ಮಿ.ಮೀ. ಎತ್ತರದ ಎರಡು ದಪ್ಪ ಹಲಗೆ, ಅವನ್ನು ಬಿಗಿಯುವ ಎರಡು 12 ಮಿ.ಮೀ. ಬೋಲ್ಟು, ಕೈಯಲ್ಲೇ ತಿರುಗಿಸುವ ದೊಡ್ಡ ನಟ್ಟು.

ಭಾರ ಕಡಿಮೆಯಾದರೆ ಬೆಂಚು ಓಡುತ್ತದೆ. ಕೆಳಗೊಂದು ಅಡ್ಡಹಲಗೆ ಹಾಕಿ ಅದರ ಮೇಲೆ ಉಪಕರಣದ ಪೆಟ್ಟಿಗೆ, ಮರಳಿನ ಚೀಲ ಇಡಿ. ಬೆಂಚಿನ ತುದಿಯನ್ನು ಗೋಡೆಗೆ ತಾಗಿಸಿ, ನಡುವೆ ಒಂದು ರಬ್ಬರ್ ತುಂಡು ಕೊಟ್ಟು, ಗೋಡೆಯ ಕಡೆಗೇ ಹತ್ತರಿ ತಳ್ಳಿದರೆ ಹಗುರ ಬೆಂಚೂ ಅಲುಗುವುದಿಲ್ಲ. ಆ ಗೋಡೆ ಪಕ್ಕದ ಮನೆಯದೂ ಆಗಿದ್ದರೆ ಇನ್ನೊಂದು ಗೋಡೆ ಹುಡುಕಿ.

ಯಾವ ಉಪಕರಣ, ಯಾವ ಕ್ರಮದಲ್ಲಿ

ಮೊದಲು ಗುರುತು ಹಾಕುವ ಸಾಮಾನು: 300 ಮಿ.ಮೀ. ಉಕ್ಕಿನ ಅಳತೆಪಟ್ಟಿ, 150 ಮಿ.ಮೀ. ಮೂಲೆಮಟ್ಟ, ಚೂಪು ಚಾಕು, ಅಂಚಿನಿಂದ ಒಂದೇ ದೂರದಲ್ಲಿ ಗೀರು ಎಳೆಯುವ ಮಾರ್ಕಿಂಗ್ ಗೇಜ್. ಮೂಲೆಮಟ್ಟವನ್ನು ಕೊಳ್ಳುವಾಗಲೇ ಪರೀಕ್ಷಿಸಿ. ನೇರ ಅಂಚಿನ ಹಲಗೆಗೆ ಒತ್ತಿ ಒಂದು ಗೆರೆ ಎಳೆಯಿರಿ, ಮಟ್ಟವನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಗೆರೆಗಳು ಕವಲಾದರೆ, ಕಾಣುವ ಸಂದಿನ ಅರ್ಧದಷ್ಟು ತಪ್ಪು ಮಟ್ಟದಲ್ಲಿದೆ. ಇಂಥ ಮಟ್ಟ ಹಿಡಿದು ಎಷ್ಟು ಜೋಪಾನವಾಗಿ ಕೊಯ್ದರೂ ಡಬ್ಬಿ ಸೊಟ್ಟಗೇ ಬರುತ್ತದೆ.

ಗರಗಸಕ್ಕೆ ನಮ್ಮ ಸಲಹೆ ಎಳೆದು ಕೊಯ್ಯುವ ಜಪಾನಿ ರ್‍ಯೋಬ, 240 ಮಿ.ಮೀ. ಅಲಗಿನದು. ಒಂದು ಅಂಚಿನ ಹಲ್ಲು ಎಳೆಯ ಉದ್ದಕ್ಕೆ ಸೀಳಲು, ಇನ್ನೊಂದರದ್ದು ಅಡ್ಡಕ್ಕೆ ಕೊಯ್ಯಲು. ಎಳೆಯುವಾಗ ಅಲಗು ಬಿಗಿಯಾಗಿ ನಿಲ್ಲುವುದರಿಂದ ತೆಳ್ಳಗಿದ್ದರೂ ನಡೆಯುತ್ತದೆ. ಅಲಗು ತೆಳ್ಳಗಾದಷ್ಟೂ ಹೊಟ್ಟು, ಶ್ರಮ, ಸದ್ದು ಮೂರೂ ಕಡಿಮೆ. ಬಹುತೇಕ ಇಂಥ ಗರಗಸಗಳ ಹಲ್ಲನ್ನು ಕಾಯಿಸಿ ಗಡುಸು ಮಾಡಿರುತ್ತಾರೆ, ಅರ ಹಾಕಲು ಬರುವುದಿಲ್ಲ. ಅಲಗನ್ನೇ ಬದಲಿಸುವಂಥದ್ದು ನೋಡಿ ಕೊಳ್ಳಿ.

ಹತ್ತರಿ ಒಂದೇ ಸಾಕು, 5ನೇ ನಂಬರಿನ ಜ್ಯಾಕ್: ಸುಮಾರು 355 ಮಿ.ಮೀ. ಉದ್ದ, 50 ಮಿ.ಮೀ. ಅಲಗು. ದೊರಗು ತೆಗೆಯಲು, ಅಂಚು ನೇರ ಮಾಡಲು, ಮುಂದೆ ಹೇಳುವ ಹಲಗೆಯ ಮೇಲೆ ಮಗ್ಗುಲಾಗಿ ಓಡಿಸಲು ಮೂರಕ್ಕೂ ಬರುತ್ತದೆ. ಉಳಿ ಮೂರು: 6, 12, 25 ಮಿ.ಮೀ. ಆರು ಉಳಿಗಳ ಸೆಟ್ಟು ಕೊಂಡು ಮೂರನ್ನು ಮುಟ್ಟದೆ ಇಡುವುದಕ್ಕಿಂತ ಆ ಹಣವನ್ನು ಸಾಣೆಗೆ ಹಾಕುವುದು ಮೇಲು. 300 ಮಿ.ಮೀ. ಬಾಯಿಯ ಎಫ್ ಕ್ಲಾಂಪ್ ನಾಲ್ಕು, ಬ್ಯಾಟರಿ ಡ್ರಿಲ್, ಬಳ್ಳಿಬಾಗು ಕೊಯ್ಯಲು ಕೋಪಿಂಗ್ ಗರಗಸ. ಇಷ್ಟೂ ಒಂದು ಮಂಚದ ಕೆಳಗೆ ಹಿಡಿಯುತ್ತದೆ. ಉಕ್ಕಿಗೆ ಹೊಲಿಗೆಯಂತ್ರದ ಎಣ್ಣೆಯ ತೆಳು ಪಸೆ, ಪೆಟ್ಟಿಗೆಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ ತುಕ್ಕಿನ ಚಿಂತೆ ಕಡಿಮೆ.

ಸಾಣೆ

ಈ ಹವ್ಯಾಸದಲ್ಲಿ ಹೊಸಬರು ಎಡವುವುದು ಬಹುಮಟ್ಟಿಗೆ ಇಲ್ಲೇ. ಮೊಂಡಾದ ಉಳಿಗೆ ಕೊಡತಿ ಬೇಕಾಗುತ್ತದೆ, ಮೊಂಡಾದ ಹತ್ತರಿ ಹಾಳು ಮಾಡಿದ್ದನ್ನು ಉಪ್ಪುಕಾಗದದಿಂದ ಮುಚ್ಚಬೇಕಾಗುತ್ತದೆ. ಅಂದರೆ ಸದ್ದು, ಧೂಳು ಎರಡಕ್ಕೂ ಬೇರು ಮೊಂಡು ಅಲಗು.

400 ಮತ್ತು 1000 ನಂಬರಿನ ಎರಡು ಮುಖದ ವಜ್ರದ ಸಾಣೆ ತೆಗೆದುಕೊಳ್ಳಿ. ನೀರಿನ ಕಲ್ಲು ಚೆನ್ನಾಗಿ ಕೊರೆಯುತ್ತದೆ, ಆದರೆ ನೆನೆಹಾಕಬೇಕು, ಕೆಸರು ಸೋರುತ್ತದೆ, ಸವೆದು ತಗ್ಗು ಬಿದ್ದಾಗ ಮತ್ತೆ ಸಮ ಮಾಡಬೇಕು. ವಜ್ರದ್ದಕ್ಕೆ ನಾಲ್ಕು ಹನಿ ನೀರು ಸಾಕು.

ಹೊಸ ಉಳಿಯಾದರೆ ಮೊದಲು ಬೆನ್ನು. ತುದಿಯ 2–3 ಸೆಂ.ಮೀ. ಮಾತ್ರ ಸಾಣೆಗೆ ಚಪ್ಪಟೆಯಾಗಿ ಒತ್ತಿ, ಗೀರುಗಳೆಲ್ಲ ಒಂದೇ ಸಮನಾಗುವವರೆಗೆ 400ರಲ್ಲಿ, ಆಮೇಲೆ 1000ದಲ್ಲಿ ಉಜ್ಜಿ. ಇದು ಒಮ್ಮೆ ಮಾಡಿದರೆ ಮುಗಿಯಿತು. ಬಾಯಿಯ ಇಳಿಜಾರು 25 ಡಿಗ್ರಿ, ತುದಿಯಲ್ಲಿ ಮಾತ್ರ ಕೂದಲಗಲದ 30 ಡಿಗ್ರಿ. ಕೈಯಳತೆ ಬರುವವರೆಗೆ ಅಲಗು ಹಿಡಿಯುವ ಗೈಡ್ ಬಳಸಿ. ಎರಡೂ ಬದಿಯಿಂದ ಕಚ್ಚುವ ಸಾಮಾನ್ಯ ಗೈಡಿನಲ್ಲಿ ಉಳಿಯನ್ನು 40 ಮಿ.ಮೀ. ಚಾಚಿದರೆ 25 ಡಿಗ್ರಿ, 30 ಮಿ.ಮೀ. ಚಾಚಿದರೆ 30 ಡಿಗ್ರಿ. ಹತ್ತರಿಯ ಅಲಗಿಗೆ ಇವೇ ಕೋನಗಳು 50 ಮತ್ತು 38 ಮಿ.ಮೀ.ಗೆ ಬರುತ್ತವೆ. ಒಂದು ಹಲಗೆ ತುಂಡಿನ ಮೇಲೆ ಈ ದೂರಗಳಿಗೆ ಕಟ್ಟೆ ಹೊಡೆದಿಟ್ಟುಕೊಂಡರೆ ಪ್ರತಿಸಲ ಅಳೆಯಬೇಕಿಲ್ಲ.

ಉಜ್ಜುತ್ತಾ ಹೋದಂತೆ ಬೆನ್ನಿನ ಕಡೆ ಉಗುರಿಗೆ ತಡೆಯುವ ಸಣ್ಣ ಏರು ಏಳುತ್ತದೆ. ಅದು ಅಂಚಿನ ಈ ತುದಿಯಿಂದ ಆ ತುದಿಯವರೆಗೆ ಎದ್ದರೆ ಮಾತ್ರ ಮುಂದಿನ ನಂಬರಿಗೆ ಹೋಗಿ. ನಡುವೆ ಎದ್ದು ಮೂಲೆಯಲ್ಲಿ ಏಳದಿದ್ದರೆ ಅಲಗು ಮೂಲೆಯಲ್ಲಿ ಇನ್ನೂ ಮೊಂಡು. ಕೊನೆಗೆ ಪಾಲಿಶ್ ಪೇಸ್ಟ್ ಸವರಿದ ಚರ್ಮದ ಪಟ್ಟಿಯ ಮೇಲೆ ಎರಡೂ ಬದಿ ಹತ್ತು ಸಲ ಹಿಂದಕ್ಕೆ ಎಳೆಯಿರಿ. ಮುಂದಕ್ಕೆ ತಳ್ಳಿದರೆ ಚರ್ಮ ಕೊಯ್ದುಹೋಗುತ್ತದೆ. ಮೆದುಮರದ ಅಡ್ಡತುದಿಯನ್ನು (ಎಳೆಗಳನ್ನು ಅಡ್ಡ ಕೊಯ್ದಾಗ ಕಾಣುವ ಮುಖ) ಕೈಯೊತ್ತಿನಲ್ಲೇ ಪುಡಿಯಾಗಿಸದೆ ಹೊಳಪಾಗಿ ಸವರಿದರೆ ಅಲಗು ಹದವಾಗಿದೆ.

ಮರ

ರಂದ ಹೊಡೆದು ದಪ್ಪ ಸಮ ಮಾಡಿದ ಹಲಗೆಯನ್ನೇ ಕೊಳ್ಳಿ. ದೊರಗು ಹಲಗೆ ಅಗ್ಗ ಎಂದು ತಂದರೆ ಅದನ್ನು ಸಮ ಮಾಡುವಷ್ಟರಲ್ಲಿ ಎರಡು ಚೀಲ ಸಿಪ್ಪೆ, ಎರಡು ದಿನದ ಮೈಕೈ ನೋವು. ಮನೆಗೆ ತರುವ ಮುನ್ನ ಅಂಗಡಿಯಲ್ಲೇ ಒಂದೊಂದು ಮೀಟರಿಗೆ ಕೊಯ್ಯಿಸಿ. ಎರಡೂವರೆ ಮೀಟರಿನ ಹಲಗೆ ಲಿಫ್ಟಿನಲ್ಲಿ ಹಿಡಿಯುವುದಿಲ್ಲ, ಮೆಟ್ಟಿಲ ತಿರುವಿನಲ್ಲಿ ಗೋಡೆ ಕೆರೆಯುತ್ತದೆ. ಪ್ಲೈವುಡ್ಡನ್ನೂ ಬೇಕಾದ ಅಳತೆಗಿಂತ 2 ಮಿ.ಮೀ. ಹೆಚ್ಚಿಟ್ಟು ಅಲ್ಲೇ ಕೊಯ್ಯಿಸಿ.

ಕಲಿಯಲು ಪೈನ್, ಪಾಪ್ಲರ್‌ನಂಥ ಮೆದುಮರ ಅಥವಾ ನೇರ ಎಳೆಯ ತೇಗ ಒಳ್ಳೆಯವು. ತೇಗದಲ್ಲಿ ಮರಳಿನಂಥ ಸಿಲಿಕಾ ಕಣಗಳಿರುವುದರಿಂದ ಅಲಗು ಬೇಗ ಮೊಂಡಾಗುತ್ತದೆ ಎಂಬುದನ್ನು ನೆನಪಿಡಿ. ಹಲಗೆಯ ತುದಿಗೆ ಕಣ್ಣಿಟ್ಟು ಉದ್ದಕ್ಕೆ ನೋಡಿ. ಬಿಲ್ಲಿನಂತೆ ಬಾಗಿದ್ದನ್ನು ಚಿಕ್ಕ ತುಂಡುಗಳಾಗಿ ಬಳಸಿಕೊಳ್ಳಬಹುದು, ತಿರುಚಿಕೊಂಡಿದ್ದನ್ನು ಬಿಟ್ಟುಬಿಡಿ.

ತಂದ ಮರ ಒಂದೆರಡು ವಾರ ಕೋಣೆಯಲ್ಲೇ ಇರಲಿ. ನೆಲಕ್ಕೂ ಹಲಗೆಗೂ, ಹಲಗೆಗೂ ಹಲಗೆಗೂ ನಡುವೆ ಒಂದೇ ದಪ್ಪದ ಕಡ್ಡಿಗಳನ್ನಿಟ್ಟು ಗಾಳಿಯಾಡಲು ಬಿಡಿ. ನೆಲದ ಮೇಲೆ ಹಾಗೇ ಮಲಗಿಸಿದರೆ ಮೇಲ್ಮುಖ ಒಣಗಿ, ಕೆಳಮುಖ ಒಣಗದೆ, ಹಲಗೆ ದೋಣಿಯಾಗುತ್ತದೆ. ಮರ ತೇವಕ್ಕೆ ಹಿಗ್ಗಿ ಒಣಹವೆಗೆ ಕುಗ್ಗುವುದು ಅಗಲದಲ್ಲಿ. ಉದ್ದದಲ್ಲಿ ಆಗುವ ಬದಲಾವಣೆ ಲೆಕ್ಕಕ್ಕಿಲ್ಲ. 300 ಮಿ.ಮೀ. ಅಗಲದ ಹಲಗೆ ಋತು ಬದಲಾದಾಗ 2–3 ಮಿ.ಮೀ. ಆಚೀಚೆ ಆಗುವುದು ಸಹಜ. ಅಂಥ ಹಲಗೆಯನ್ನು ಸುತ್ತಲೂ ಅಂಟಿಸಿ ಕಟ್ಟಿಹಾಕಿದರೆ ಅದು ಸೀಳುತ್ತದೆ, ಇಲ್ಲವೇ ಚೌಕಟ್ಟಿನ ಮೂಲೆ ಬಿಡಿಸುತ್ತದೆ.

ಮೊದಲು ಮಾಡಬೇಕಾದ ಎರಡು ಸಹಾಯಕರು

ಒಂದು, ಕೊಯ್ಯುವ ಕೊಕ್ಕೆಹಲಗೆ. 250 × 180 ಮಿ.ಮೀ. ಅಳತೆಯ 18 ಮಿ.ಮೀ. ಪ್ಲೈ, ಅದರ ಒಂದು ತುದಿಗೆ ಮೇಲ್ಗಡೆ 40 × 20 ಮಿ.ಮೀ. ಕಟ್ಟೆ, ಇನ್ನೊಂದು ತುದಿಗೆ ಕೆಳಗಡೆ ಅಂಥದ್ದೇ ಕೊಕ್ಕೆ. ಮೇಲಿನ ಕಟ್ಟೆಯನ್ನು ಬಲಗೈಯವರಾದರೆ ಬಲಬದಿಯಲ್ಲಿ 20 ಮಿ.ಮೀ. ಗಿಡ್ಡ ಮಾಡಿ; ಕೊಯ್ದು ಮುಗಿಸುವ ಗರಗಸ ಪ್ಲೈ ಮೇಲೆ ನಿಲ್ಲುತ್ತದೆ, ಬೆಂಚಿಗೆ ತಾಗುವುದಿಲ್ಲ. ಎಲ್ಲೆಡೆ ಕಾಣುವ ನಕ್ಷೆಗಳಲ್ಲಿ ಕಟ್ಟೆ ಆಚೆ ತುದಿಯಲ್ಲಿರುತ್ತದೆ. ಅದು ತಳ್ಳಿ ಕೊಯ್ಯುವ ಗರಗಸಕ್ಕೆ ಸರಿ. ರ್‍ಯೋಬ ಮರವನ್ನು ನಿಮ್ಮ ಕಡೆಗೆ ಎಳೆಯುತ್ತದೆ. ಹಾಗಾಗಿ ಕಟ್ಟೆಯನ್ನು ನಿಮ್ಮ ಕಡೆಗೆ ಬರುವಂತೆ ತಿರುಗಿಸಿ, ಇಡೀ ಹಲಗೆಯನ್ನು ಬೆಂಚಿಗೆ ಒಂದು ಕ್ಲಾಂಪಿನಿಂದ ಬಿಗಿಯಿರಿ. ಇದನ್ನು ಮಾಡದೆ ಕೈಯಲ್ಲಿ ಒತ್ತಿ ಹಿಡಿದರೆ ಕೊಯ್ತ ಓರೆಯಾಗಿ, ಗರಗಸ ಕೆಟ್ಟದ್ದು ಎಂದು ದೂರುವುದಾಗುತ್ತದೆ.

ಇನ್ನೊಂದು ಶೂಟಿಂಗ್ ಬೋರ್ಡ್. ಹಲಗೆಯ ಅಡ್ಡತುದಿಯನ್ನು ಸರಿಯಾಗಿ 90 ಡಿಗ್ರಿಗೆ ತರುವ ಕೆಲಸಕ್ಕೆ ಯಂತ್ರದ ಬದಲು ಇದು. ಕೆಳಗೆ 500 × 260 ಮಿ.ಮೀ. ಪ್ಲೈ. ಅದರ ಮೇಲೆ ಎಡಕ್ಕೆ ಹೊಂದಿಸಿ 500 × 170 ಮಿ.ಮೀ.ಯ 12 ಮಿ.ಮೀ. ಪ್ಲೈ. ಬಲಕ್ಕೆ ಉಳಿದ 90 ಮಿ.ಮೀ. ಹತ್ತರಿ ಮಗ್ಗುಲಾಗಿ ಓಡುವ ದಾರಿ. ಮೇಲಿನ ಪ್ಲೈ 6 ಮಿ.ಮೀ.ಯದಾದರೆ ಆಗುವುದಿಲ್ಲ: ಹತ್ತರಿಯ ಅಲಗು ಅದರ ಬದಿಯ ಅಂಚಿನವರೆಗೆ ಇರುವುದಿಲ್ಲ, ಸುಮಾರು 7 ಮಿ.ಮೀ. ಒಳಗಿನಿಂದ ಶುರುವಾಗುತ್ತದೆ. ಮರ ಅದಕ್ಕಿಂತ ಕೆಳಗೆ ಕೂತರೆ ತಳದಲ್ಲಿ ಒಂದು ತುಟಿ ಸವೆಯದೆ ಉಳಿಯುತ್ತದೆ. ಆಚೆ ತುದಿಯಲ್ಲಿ ದಾರಿಗೆ ಸರಿಯಾಗಿ 90 ಡಿಗ್ರಿಯ ಗಟ್ಟಿಮರದ ಕಟ್ಟೆ. ಮೊದಲು ಒಂದೇ ಸ್ಕ್ರೂ ಹಾಕಿ, 100 ಮಿ.ಮೀ. ಅಗಲದ ಎರಡು ತುಂಡುಗಳ ತುದಿ ಸವರಿ, ಒಂದನ್ನು ಮಗುಚಿ, ತುದಿಗೆ ತುದಿ ಸೇರಿಸಿ ನೇರ ಪಟ್ಟಿಗೆ ಒತ್ತಿ ನೋಡಿ. ನಡುವೆ ಬೆಳಕಿನ ಸಂದು ಬೆಣೆಯಂತೆ ಕಂಡರೆ ಕಟ್ಟೆಯನ್ನು ಅದರ ಅರ್ಧದಷ್ಟು ತಿರುಗಿಸಿ ಮತ್ತೆ ನೋಡಿ. ಸರಿಯಾದ ಮೇಲೆ ಉಳಿದ ಎರಡು ಸ್ಕ್ರೂ ಬಿಗಿಯಿರಿ. ದಾರಿಗೆ ಮೇಣದಬತ್ತಿ ಉಜ್ಜಿದರೆ ಹತ್ತರಿ ಸಲೀಸಾಗಿ ಜಾರುತ್ತದೆ. ಹಲಗೆಯ ಹಿಂದಿನ ಮೂಲೆ ಚೂರಾಗಿ ಕಿತ್ತುಬರುತ್ತಿದ್ದರೆ ಅದು ಕಟ್ಟೆಗೆ ಬಿಗಿಯಾಗಿ ಒತ್ತಿಲ್ಲ ಎಂದರ್ಥ. ಸವರುವ ಮೊದಲೇ ಆ ಮೂಲೆಯನ್ನು ಸ್ವಲ್ಪ ಓರೆಯಾಗಿ ಕೊಯ್ದುಬಿಡುವುದು ಇನ್ನೂ ಭದ್ರ.

ಬಡಿಯದೆ ಕೂಡಿಸುವ ಬಗೆ

ಗರಗಸದಿಂದಲೇ ಮುಗಿಯುವ ಕೂಡುಗಳನ್ನು ಆರಿಸಿಕೊಳ್ಳಿ. ಚೌಕಟ್ಟಿಗೆ ಎರಡೂ ಕಡ್ಡಿಯ ಅರ್ಧರ್ಧ ದಪ್ಪ ತೆಗೆದು ಒಂದರ ಮೇಲೊಂದು ಕೂರಿಸುವುದು. ಹೆಚ್ಚು ಬಲ ಬೇಕಾದರೆ ಒಂದರ ತುದಿಯಲ್ಲಿ ಬಾಯಿ ಸೀಳಿ ಇನ್ನೊಂದರ ನಾಲಗೆಯನ್ನು ಅದರೊಳಗೆ ತೂರಿಸುವುದು. ಎರಡರಲ್ಲೂ ಎಳೆಯ ಮುಖಕ್ಕೆ ಎಳೆಯ ಮುಖ ತಾಗುವುದರಿಂದ ಅಂಟು ಚೆನ್ನಾಗಿ ಹಿಡಿಯುತ್ತದೆ. ಕಾಲಿಗೆ ಅಡ್ಡಪಟ್ಟಿ ಕೂಡಿಸಲು ಕಂಡಿ ಬೇಕೇ ಬೇಕಾದರೆ, ಉಳಿಯಿಂದ ಬಡಿದು ಅಗೆಯುವ ಬದಲು ಕಂಡಿಯ ಅಗಲದಷ್ಟೇ ದಪ್ಪದ ಡ್ರಿಲ್ ಬಿಟ್ಟಿನಿಂದ ಒತ್ತೊತ್ತಾಗಿ ತೂತು ಕೊರೆದು, ನಡುವೆ ಉಳಿದ ಗೋಡೆಗಳನ್ನು ಉಳಿಯ ಮೇಲೆ ಅಂಗೈ ಒತ್ತಿ ಸವರಿ ತೆಗೆಯಿರಿ. ಡ್ರಿಲ್ ಬಿಟ್ಟಿಗೆ ಆಳದ ಗುರುತಾಗಿ ಟೇಪು ಸುತ್ತಿ. ಡವ್‌ಟೇಲ್ (ಪಾರಿವಾಳದ ಬಾಲದಂಥ ಹಲ್ಲುಗಳ ಕೂಡು) ಮಾಡುವವರು ಹಲ್ಲುಗಳ ನಡುವಿನ ಮರವನ್ನು ಕೋಪಿಂಗ್ ಗರಗಸದಿಂದ ಗೆರೆಗಿಂತ 1 ಮಿ.ಮೀ. ಮೇಲೆ ಕೊಯ್ದು, ಉಳಿದದ್ದನ್ನು ಉಳಿಯಿಂದ ಸವರಬೇಕು.

ಎಲ್ಲಕ್ಕೂ ಒಂದೇ ಅಭ್ಯಾಸ: ಪೆನ್ಸಿಲ್ ಗೆರೆಯ ಮೇಲೆ ಕೊಯ್ಯಬೇಡಿ. ಚಾಕುವಿನಿಂದ ಗೆರೆ ಕೊರೆದು, ಕಳೆಯುವ ಬದಿಯಿಂದ ಉಳಿಯನ್ನು ಓರೆಯಾಗಿ ಹಿಡಿದು ಗೆರೆಯವರೆಗೆ ಒಂದು ತೆಳು ಚಕ್ಕೆ ತೆಗೆಯಿರಿ. ಆಗ ಆಗುವ ಪುಟ್ಟ ಕಾಲುವೆಯಲ್ಲಿ ಗರಗಸ ತಾನೇ ಕೂರುತ್ತದೆ, ಅಂಚಿನಲ್ಲಿ ಸಿಬಿರು ಏಳುವುದಿಲ್ಲ.

ಮೊದಲ ಕೆಲಸ: ಒಂದು ಡಬ್ಬಿ

ಹೊರ ಅಳತೆ 280 × 180, ಎತ್ತರ 90 ಮಿ.ಮೀ. ಬೇಕಾಗುವುದು 1000 × 95 × 12 ಮಿ.ಮೀ.ಯ ಒಂದು ಹಲಗೆ, ತಳಕ್ಕೆ 282 × 182 ಮಿ.ಮೀ.ಯ 4 ಮಿ.ಮೀ. ಪ್ಲೈ, ಬಿಳಿ ಪಿವಿಎ ಅಂಟು, 3 ಮಿ.ಮೀ. ದಪ್ಪದ ಬಿದಿರು ಕಡ್ಡಿ.

ಹಲಗೆಯ ಒಂದು ಅಂಚನ್ನು ಹತ್ತರಿಯಿಂದ ನೇರ ಮಾಡಿ, ಅಲ್ಲಿಂದ ಗೇಜಿನಲ್ಲಿ 90 ಮಿ.ಮೀ. ಗೀರಿ, ಇನ್ನೊಂದು ಅಂಚನ್ನು ಆ ಗೀರಿಗೆ ಇಳಿಸಿ. ಸಿಪ್ಪೆ ಕಾಗದದಷ್ಟು ತೆಳ್ಳಗೆ ಬರಲಿ. ಅಲಗಿನ ಬೆನ್ನಿಗೆ ಕೂರುವ ತಗಡನ್ನು ಅಂಚಿನಿಂದ ಅರ್ಧದಿಂದ 1 ಮಿ.ಮೀ. ಒಳಗೆ ಬಿಗಿಯಿರಿ, ದೂರವಾದಷ್ಟೂ ಎಳೆ ಕಿತ್ತುಕೊಂಡು ಬರುತ್ತದೆ. ಕಿತ್ತುಬರುತ್ತಿದ್ದರೆ ಮೊದಲು ಹಲಗೆಯ ದಿಕ್ಕು ತಿರುಗಿಸಿ ನೋಡಿ. ಬದಿಯ ಅಂಚಿನಲ್ಲಿ ಎಳೆಗಳು ಮೇಲೇರುತ್ತಿರುವ ಕಡೆಗೇ ಹತ್ತರಿ ಹೋಗಬೇಕು.

ಉದ್ದ, ಗಿಡ್ಡ, ಉದ್ದ, ಗಿಡ್ಡ ಎಂಬ ಕ್ರಮದಲ್ಲೇ ಕೊಯ್ಯಿರಿ: 280 ಎರಡು, 172 ಎರಡು. ಒಂದೊಂದಕ್ಕೂ 2 ಮಿ.ಮೀ. ಹೆಚ್ಚಿಟ್ಟು ಕೊಯ್ದು, ಶೂಟಿಂಗ್ ಬೋರ್ಡಿನಲ್ಲಿ ಅಳತೆಗೆ ಇಳಿಸಿ. ಈ ಕ್ರಮದಿಂದ ಮರದ ಚಿತ್ತಾರ ಮೂಲೆ ಸುತ್ತಿ ಹರಿಯುತ್ತದೆ. ಎದುರುಬದುರು ತುಂಡುಗಳು ಒಂದಕ್ಕೊಂದು ಸರಿಸಮ ಇರುವುದು ಮುಖ್ಯ, 280 ಬದಲು 279 ಆದರೆ ಚಿಂತೆಯಿಲ್ಲ. ಎರಡನ್ನೂ ಜೋಡಿಸಿ ನಿಲ್ಲಿಸಿ ಬೆರಳಾಡಿಸಿದರೆ ಕಾಲು ಮಿಲಿಮೀಟರ್ ವ್ಯತ್ಯಾಸವೂ ಗೊತ್ತಾಗುತ್ತದೆ.

ಉದ್ದ ತುಂಡುಗಳ ಎರಡೂ ತುದಿಯ ಒಳಮುಖದಲ್ಲಿ 12 ಮಿ.ಮೀ. ಅಗಲ, 8 ಮಿ.ಮೀ. ಆಳದ ಮೆಟ್ಟಿಲು ಕೊಯ್ಯಬೇಕು. ಹೊರಗೆ 4 ಮಿ.ಮೀ. ತುಟಿ ಉಳಿಯುತ್ತದೆ. 12 ಎಂಬುದನ್ನು ಪಟ್ಟಿಯಿಂದ ಅಳೆಯಬೇಡಿ, ಗಿಡ್ಡ ತುಂಡನ್ನೇ ತುದಿಗೆ ನಿಲ್ಲಿಸಿ ಚಾಕು ಎಳೆಯಿರಿ. 8ರ ಆಳವನ್ನು ಗೇಜಿನಲ್ಲಿ ತುದಿಗೂ ಎರಡೂ ಅಂಚಿಗೂ ಗೀರಿ. ಚಾಕುಗೆರೆಗೆ ಒಂದು ನೇರ ಮರದ ತುಂಡು ಕ್ಲಾಂಪ್ ಮಾಡಿ, ಗರಗಸವನ್ನು ಅದಕ್ಕೆ ಒರಗಿಸಿ ಆಳದ ಗೀರಿನವರೆಗೆ ಇಳಿಯಿರಿ. ಆಮೇಲೆ ತುಂಡನ್ನು ನೆಟ್ಟಗೆ ನಿಲ್ಲಿಸಿ ವೈಸಿಗೆ ಕಚ್ಚಿಸಿ, 25ರ ಉಳಿಯನ್ನು ತುದಿಯಲ್ಲಿ ಗೀರಿಗಿಂತ 1 ಮಿ.ಮೀ. ಕಳೆಯುವ ಬದಿಗಿಟ್ಟು ಒತ್ತಿ. ನೇರ ಎಳೆಯಾದರೆ ಚಕ್ಕೆ ಗರಗಸದ ಕೊಯ್ತದವರೆಗೆ ಸೀಳಿ ಬೀಳುತ್ತದೆ. ಸೀಳು ಒಳಗೆ, ತುಟಿಯ ಕಡೆಗೆ ವಾಲುತ್ತಿದ್ದರೆ ನಿಲ್ಲಿಸಿ, ಹಲಗೆ ಮಲಗಿಸಿ ಅಡ್ಡಡ್ಡಲಾಗಿ ತೆಳು ಚಕ್ಕೆ ಸವರಿ. ಕೊನೆಯ 1 ಮಿ.ಮೀ.ಯನ್ನಂತೂ ಯಾವಾಗಲೂ ಹೀಗೆ ಅಡ್ಡಲಾಗಿ, ಎರಡೂ ಬದಿಯಿಂದ ನಡುವಿಗೆ ಸವರಬೇಕು. ಒಂದೇ ಬದಿಯಿಂದ ಸವರಿದರೆ ಆಚೆ ಅಂಚು ಸೀಳುತ್ತದೆ.

ಅಂಟು ಹಾಕದೆ ಒಮ್ಮೆ ಪೂರ್ತಿ ಜೋಡಿಸಿ, ಕ್ಲಾಂಪ್ ಬಿಗಿದು ನೋಡಿ. ಅಂಟು ಹಚ್ಚಿದ ಮೇಲೆ ಐದರಿಂದ ಹತ್ತು ನಿಮಿಷವಷ್ಟೇ ಕೈಯಲ್ಲಿರುತ್ತದೆ, ಆಗ ಕ್ಲಾಂಪ್ ಹುಡುಕುತ್ತಾ ಓಡಬಾರದು. ಈ ಕೂಡಿನಲ್ಲಿ ಮರದ ಅಡ್ಡತುದಿಯೇ ಅಂಟಿಗೆ ಸಿಗುವುದು, ಅದು ಅಂಟನ್ನು ಕುಡಿದುಬಿಡುತ್ತದೆ. ಅದಕ್ಕೆ ಮೊದಲು ತೆಳುವಾಗಿ ಒಂದು ಪದರ ಹಚ್ಚಿ, ಐದು ನಿಮಿಷ ಬಿಟ್ಟು, ಎರಡನೆಯದು ಹಚ್ಚಿ ಜೋಡಿಸಿ. ಕ್ಲಾಂಪಿನ ಮುಖ್ಯ ಒತ್ತು 180ರ ದಿಕ್ಕಿನಲ್ಲಿರಲಿ, ಉದ್ದ ತುಂಡುಗಳ ತುಟಿ ಗಿಡ್ಡವುಗಳ ತುದಿಗೆ ಒತ್ತಬೇಕು. ಎರಡೂ ಕರ್ಣ ಅಳೆಯಿರಿ. 280 × 180ಕ್ಕೆ ಕರ್ಣ ಸುಮಾರು 333 ಮಿ.ಮೀ. ಒಂದಕ್ಕೂ ಇನ್ನೊಂದಕ್ಕೂ 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕ್ಲಾಂಪನ್ನು ಉದ್ದದ ಕರ್ಣದ ಕಡೆಗೆ ತುಸು ಓರೆ ಮಾಡಿದರೆ ಡಬ್ಬಿ ಚೌಕಕ್ಕೆ ಬರುತ್ತದೆ. ಹೊರಬಂದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ತೆಳುವಾಗಿ ಮರದೊಳಗೆ ಹೋಗಿ, ಪಾಲಿಶ್ ಹಿಡಿಯದ ಬಿಳಿ ಕಲೆಯಾಗುತ್ತದೆ. ಅರ್ಧ ತಾಸು ಬಿಟ್ಟು, ರಬ್ಬರಿನಂತಾದಾಗ ಉಳಿಯಿಂದ ಎಬ್ಬಿ ತೆಗೆಯಿರಿ.

ಕ್ಲಾಂಪನ್ನು ಒಂದು ತಾಸಿಗೆ ತೆಗೆಯಬಹುದು, ಪೂರ್ಣ ಬಲಕ್ಕೆ 24 ತಾಸು ಬೇಕು. ಮರುದಿನ ಪ್ರತಿ ಮೂಲೆಗೂ ತುಟಿಯ ಮೂಲಕ 25 ಮಿ.ಮೀ. ಆಳದ 3 ಮಿ.ಮೀ. ತೂತು ಮೂರು ಕೊರೆದು, ಬಿದಿರು ಕಡ್ಡಿಗೆ ಅಂಟು ಹಚ್ಚಿ ಒತ್ತಿ ತೂರಿಸಿ. ಕೂಡಿನ ನಿಜವಾದ ಬಲ ಈ ಕಡ್ಡಿಗಳಲ್ಲಿದೆ. ಹೊರಗುಳಿದದ್ದನ್ನು ಗರಗಸದಿಂದ ಕೊಯ್ದು ಉಳಿಯಿಂದ ಸವರಿ.

ತಳದ ಪ್ಲೈಯನ್ನು ಕೆಳಗಿನಿಂದ ಅಂಟಿಸಿ, ಸುತ್ತಲೂ ಹೊರಗುಳಿದ 1 ಮಿ.ಮೀ.ಯನ್ನು ಹತ್ತರಿಯಿಂದ ಇಳಿಸಿ. ಮೂಲೆಯಿಂದ ಒಳಕ್ಕೆ ತಳ್ಳಬೇಕು, ಹೊರಕ್ಕೆ ತಳ್ಳಿದರೆ ಪದರ ಕಿತ್ತುಬರುತ್ತದೆ. ತಳಕ್ಕೆ ಗಟ್ಟಿ ಹಲಗೆ ಚೆಂದ ಕಾಣುತ್ತದೆ ಎಂಬ ಆಸೆಗೆ ಬೀಳಬೇಡಿ. ಅದು ಅಗಲಕ್ಕೆ ಹಿಗ್ಗಿದಾಗ ಈ ಮೂಲೆಗಳೇ ಬಿಡುತ್ತವೆ. ಪ್ಲೈಯ ಪದರಗಳು ಒಂದರ ಎಳೆಗೆ ಇನ್ನೊಂದು ಅಡ್ಡವಾಗಿರುವುದರಿಂದ ಅದು ಹಿಗ್ಗುವುದು ತೀರಾ ಕಡಿಮೆ.

ಬಣ್ಣ, ಎಣ್ಣೆ, ಪಾಲಿಶ್

ಮುಚ್ಚಿದ ಮನೆಯಲ್ಲಿ ಸ್ಪ್ರೇ ಲ್ಯಾಕರ್, ಥಿನ್ನರ್ ಬೆರೆಸುವ ಪಾಲಿಶ್ ಬೇಡ. ವಾಸನೆ ದಿನಗಟ್ಟಲೆ ನಿಲ್ಲುತ್ತದೆ, ಆವಿಗೆ ಬೆಂಕಿ ಹತ್ತುತ್ತದೆ. ನೀರಿನ ಪಾಲಿಯುರೆಥೇನ್ ಎರಡು ಮೂರು ಕೋಟು, ನಡುವೆ ಎರಡು ತಾಸಿನಷ್ಟು ಬಿಡುವು ಕೊಟ್ಟರೆ ದಿನನಿತ್ಯ ಮುಟ್ಟುವ ವಸ್ತುಗಳಿಗೆ ಗಟ್ಟಿಯಾಗಿರುತ್ತದೆ. ನೀರು ತಾಗಿ ಎಳೆ ನಿಮಿರುವುದರಿಂದ ಮೊದಲೇ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, 240ರಲ್ಲಿ ಮೆಲ್ಲಗೆ ಸವರಿ ಆಮೇಲೆ ಹಚ್ಚಿ. ಡಬ್ಬಿಯಂಥದ್ದಕ್ಕೆ ಅರಗಿನ ಪಾಲಿಶ್ ಇನ್ನೂ ಚೆಂದ: ಅರ್ಧ ತಾಸಿನೊಳಗೆ ಕೈಗೆ ಅಂಟದಷ್ಟು ಒಣಗುತ್ತದೆ. ಅದು ಸ್ಪಿರಿಟ್ಟಿನಲ್ಲಿ ಕರಗಿದ್ದು, ಹಚ್ಚುವಾಗ ಒಲೆ ಆರಿಸಿ ಕಿಟಕಿ ತೆರೆದಿರಲಿ. ಬಿಸಿ ಲೋಟ ಇಡುವ ಮೇಜಿಗೆ ಬೇಡ, ಬಿಳಿ ಉಂಗುರ ಬೀಳುತ್ತದೆ.

ಅಗಸೆ ಎಣ್ಣೆ, ಟಂಗ್ ಎಣ್ಣೆ ಹಚ್ಚುವವರು ಬಟ್ಟೆಯ ವಿಷಯದಲ್ಲಿ ಹುಷಾರಾಗಿರಬೇಕು. ಇವು ಒಣಗುವುದು ಗಾಳಿಯ ಆಮ್ಲಜನಕ ಹೀರಿಕೊಂಡು, ಹಾಗೆ ಹೀರುವಾಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆದರೆ ಶಾಖ ಹೊರಹೋಗಲು ದಾರಿಯಿಲ್ಲದೆ, ಯಾರೂ ಕಡ್ಡಿ ಗೀರದೆಯೂ ಕೆಲವು ತಾಸುಗಳಲ್ಲಿ ಬೆಂಕಿ ಹೊತ್ತಿಕೊಳ್ಳಬಹುದು. ಪಕ್ಕದಲ್ಲೇ ಹತ್ತರಿ ಸಿಪ್ಪೆಯ ಚೀಲವಿದ್ದರಂತೂ ಹೇಳುವುದೇ ಬೇಡ. ಬಟ್ಟೆಯನ್ನು ಬಾಲ್ಕನಿಯ ಕಂಬಿಗೆ ಒಂಟಿ ಪದರವಾಗಿ ಹರಡಿ ಒಣಗಿಸಿ, ಅಟ್ಟೆಯಂತೆ ಬಿರುಸಾದ ಮೇಲೆ ಕಸಕ್ಕೆ ಹಾಕಿ. ಹರಡಲು ಜಾಗವಿಲ್ಲದಿದ್ದರೆ ನೀರು ತುಂಬಿದ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಪೂರ್ತಿ ಮುಳುಗಿಸಿಡಿ.